ಗುರ್ ಎನ್ನದ ನಾಯಿ

ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಂಜನಗೂಡಿನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಒಂದು ಕಂದು ನಾಯಿ ಸಾಕಿದೆ. ತೊಂಬತ್ತರ ದಶಕದ ಕೊನೆಯ ಮಾತು. ಮರಿಯಾಗಿದ್ದಾಗಿನಿಂದ ನನ್ನ ಕೈಯಲ್ಲೇ ಮೊಸರನ್ನ ತಿಂದು ಬೆಳೆದದ್ದು. ಒಂದು ದಿನ ತಲೆ ಸವರಲು ಹೋದರೆ ಗುರ್ ಎಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬೇರೆಯವರಿಗೆ ಗುರ್ ಎನ್ನಲಿ, ಅದಕ್ಕೆಂದೇ ಸಾಕಿದ್ದು. ಅನ್ನ ಹಾಕಿದ ಕೈಗೇ ಗುರ್ ಎನ್ನುವುದೆಂದರೇನು? ನಮ್ಮ ಮನೆಯಲ್ಲಿ ಅನ್ನ ಹಾಕಿದವರಿಗೆ ಎದುರು ಮಾತಾಡಿದವರನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಚಪ್ಪಲಿ ತೆಗೆದು ಬಾರಿಸಿದೆ. ಮತ್ತೆ ಗುರ್ ಎಂದಾಗ ಮತ್ತೆ ಬಾರಿಸಿದೆ. ವಾರದೊಳಗೆ ದನಿ ನಿಂತಿತು. ನಾಯಿಗೆ ನಿಯತ್ತು ಕಲಿಸಿದೆ ಎಂದು ಶಿಫ್ಟಿನವರ ಮುಂದೆ ಕೊಚ್ಚಿಕೊಂಡೆ.

ಆ ತಿಂಗಳೇ ಬನ್ನೂರಿನಿಂದ ಅಕ್ಕ ಬಂದಳು. ಜಗಲಿಯಲ್ಲಿ ಮಲಗಿದ್ದ ನಾಯಿಯ ಕಿವಿ ಸವರಿದಳು. ಅದು ಸದ್ದೇ ಮಾಡದೆ ಅವಳ ಮುಂಗೈ ಕಚ್ಚಿತು. ಆಸ್ಪತ್ರೆಯಲ್ಲಿ ಗಾಯ ತೊಳೆದು ಸೂಜಿ ಹಾಕುವಾಗಲೂ ಅವಳದು ಅದೇ ಮಾತು: "ಮಲ್ಗಿದ್ದುದ್ನ ನಾನೇ ಮುಟ್ಬಾರ್ದಾಗಿತ್ತು ಕಣ್ಲಾ. ಅದ್ನ ಒಡೀಬ್ಯಾಡ."

ನಾನು ಹೂಂ ಎಂದೆ.

ಮಾರನೆಯ ದಿನ ನಾಯಿಯನ್ನು ಪಶುವೈದ್ಯರ ಬಳಿ ಎಳೆದುಕೊಂಡು ಹೋದೆ. ಅವರು ಬಾಯಿಗೆ ಬಟ್ಟೆ ಕಟ್ಟಿಸಿ ಕಿವಿ ಮಡಚಿ ನೋಡಿದರು. ಒಳಗೆಲ್ಲ ಕೀವು.

"ಮುಟ್ಟಿದ್ರೆ ಗುರ್ ಅಂತಿರ್ಲಿಲ್ವೇನ್ರೀ?"

"ಅಂತಿತ್ತು ಸಾ. ಹೊಡ್ದು ಬಿಡಿಸ್ದೆ."

"ನೋಯ್ತದೆ, ದೂರ ಇರು ಅಂತ ಹೇಳ್ತಿತ್ತು ಕಣ್ರೀ. ಅದನ್ನೇ ಬಿಡಿಸಿದ್ರೆ ಕಚ್ಚದೆ ಇನ್ನೇನು ಮಾಡ್ತದೆ? ಇನ್ಮೇಲೆ ಗುರ್ ಅಂದ್ರೆ ನೀವೇ ಹಿಂದಕ್ಕೆ ಸರೀರಿ."

ಕಿವಿ ವಾಸಿಯಾಯಿತು. ಗುರ್ ಮಾತ್ರ ಮರಳಲಿಲ್ಲ. ಔಷಧಿ ಬಿಡುವಾಗ ನಡುಗುತ್ತಾ ನನ್ನ ಕಾಲಿನ ಚಪ್ಪಲಿಯನ್ನೇ ನೋಡುತ್ತಿತ್ತು. ನಾಚಿಕೆಯಾಗಿ ಅದರೆದುರು ಬರಿಗಾಲಲ್ಲಿ ಓಡಾಡತೊಡಗಿದೆ. ಅಕ್ಕನಿಗೆ ಏನೂ ಹೇಳಲಿಲ್ಲ. ಸೂಜಿ ಮುಗಿಯುವವರೆಗೆ ನಮ್ಮಲ್ಲೇ ಉಳಿದಿದ್ದ ಅವಳು ನೋಡಲು ಬಂದವರಿಗೆಲ್ಲ ತಪ್ಪು ತನ್ನದೇ ಎನ್ನುತ್ತಿದ್ದಳು; ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡು ವರ್ಷದ ನಂತರ ಮತ್ತೆ ನಮ್ಮ ಮನೆಗೆ ಬಂದ ಅಕ್ಕ, "ಎಷ್ಟ್ ಸಾಧುವಾಗ್ಯದೆ ನೋಡು" ಎಂದು ನಾಯಿಯತ್ತ ಕೈ ಚಾಚಿದಳು. ನಾನು ಅವಳ ಕೈ ಹಿಡಿದುಕೊಂಡೆ.

"ಬ್ಯಾಡ ಅಕ್ಕ. ಅದು ಸಾಧು ಅಲ್ಲ. ಅವತ್ತು ಅದಕ್ಕೆ ಕಿವಿ ನೋಯ್ತಿತ್ತು. ಗುರ್ ಅಂದಿದ್ದಕ್ಕೆ ನಾನೇ ಹೊಡ್ದು ಬಾಯಿ ಮುಚ್ಸಿದ್ದೆ."

ಅಕ್ಕ ಮುಂಗೈಯ ಕಲೆಯನ್ನು ನೋಡಿಕೊಂಡಳು.

"ಅದ್ರ ಬಾಯೇನೋ ನೀನ್ ಮುಚ್ಸಿದ್ದೆ," ಎಂದಳು. "ನಿನ್ ಬಾಯ್ಗೇನಾಗಿತ್ಲಾ?"