ಮೆಹರ್ ಆಪಾ ಕೊಡದ ಮಾತ್ರೆ

1984, ಮಾರ್ಚ್ ಮೂವತ್ತೊಂದು, ಶನಿವಾರ. ಬೆಳಿಗ್ಗೆ ಹನ್ನೊಂದೂವರೆ. ಯಲಹಂಕದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಹೊಲಿಗೆ ಕೋಣೆಯಲ್ಲಿ ಇದ್ದವರು ಇಬ್ಬರು: ಅಂದು ನಿವೃತ್ತರಾಗುತ್ತಿದ್ದ ಹೊಲಿಗೆ ಟೀಚರ್ ಮೆಹರುನ್ನೀಸಾ, ಡ್ರಿಲ್ ಟೀಚರ್ ಆದ ನಾನು. ಸನ್ಮಾನದ ಹಾರವನ್ನು ಅವರು ಆಗಲೇ ಆಯಾಳ ಕೊರಳಿಗೆ ಹಾಕಿ ಕಳಿಸಿದ್ದರು. ಶಾಲನ್ನು ಮಡಿಸಿ ನನ್ನ ಕೈಗಿಟ್ಟರು.

"ಚಳೀಲಿ ಗ್ರೌಂಡಲ್ಲಿ ನಿಂತ್ಕೊಳ್ಳೋಳು ನೀನು. ನಂಗ್ಯಾಕಮ್ಮ?"

ನಮಗೆಲ್ಲ ಅಕ್ಕನಂತಿದ್ದ ಮೆಹರ್ ಆಪಾ ಅಂದರೆ ಅದೇ. ಮಳೆಗಾಲದಲ್ಲಿ ಅವರ ಕೊಡೆಯನ್ನು ಅವರ ಕೈಯಲ್ಲಿ ನೋಡಿದವರಿಲ್ಲ. ಡಬ್ಬಿಯ ಊಟ ಅರ್ಧ ಸ್ಟಾಫ್ ರೂಮಿನದು. ಅವರಿಗೆ ಬಾರದೇ ಇದ್ದದ್ದು ಎರಡೇ, ಇಲ್ಲ ಎನ್ನುವುದು ಮತ್ತು ಪಿಸುಗುಟ್ಟುವುದು.

ಅಂಥವರು ನನಗೆ ಒಮ್ಮೆ ಇಲ್ಲ ಎಂದರು.

ಎರಡು ವರ್ಷ ಹಿಂದಿನ ಡಿಸೆಂಬರ್. ನನಗೆ ಐವತ್ತು, ಮುಟ್ಟು ನಿಂತು ಬಹಳ ದಿನವಾಗಿತ್ತು. ಆ ಚಳಿಯಲ್ಲೂ ಎದೆಯಿಂದ ಬೆಂಕಿ ಎದ್ದು ನೆತ್ತಿಗೇರುತ್ತಿತ್ತು. ನಿದ್ದೆಯಿಲ್ಲ. ಸ್ಟಾಫ್ ರೂಮು ಅದಕ್ಕೆ ಉಷ್ಣ ಎಂದು ಹೆಸರಿಟ್ಟು ಮೆಂತ್ಯ, ಎಳನೀರು ಹೇಳಿತು. ಒಂದು ಬೆಳಿಗ್ಗೆ ಬೆವರು ಕಣ್ಣಿಗಿಳಿದು, ಬಲಕ್ಕೆ ತಿರುಗಿಸಬೇಕಾದ ಇಡೀ ಶಾಲೆಯನ್ನು ಕಾಂಪೌಂಡ್ ಗೋಡೆಯ ಕಡೆಗೆ ತಿರುಗಿಸಿದೆ. "ಗಣರಾಜ್ಯೋತ್ಸವದ ಕವಾಯತು ಈ ಸಲ ಬೇರೆಯವರು ನಡೆಸಲಿ" ಎಂದರು ಹೆಡ್‌ಮಿಸ್. ಕೆಲಸಕ್ಕೆ ಸೇರಿದಂದಿನಿಂದ ಆ ಕವಾಯತು ನನ್ನದು.

ಇದೇ ಕಷ್ಟಕ್ಕೆ ಆಪಾ ಈಸ್ಟ್ರೋಜನ್ ಮಾತ್ರೆ ನುಂಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಅವರೇ ಹೇಳಿದ್ದರು, ಜೋರಾಗಿ. ನಮ್ಮಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟೇ ಸಲೀಸಾಗಿ ಮಾತ್ರೆಯನ್ನೂ ಕೇಳುವ ರೂಢಿ. ನಾನೂ ಕೈ ಚಾಚಿದೆ.

"ಕೊಡಲ್ಲ."

"ಜನವರಿ ಕಳೆಯೋವರೆಗೆ ಸಾಕು, ಆಪಾ."

"ಪ್ರಾಣ ಕೇಳು, ಕೊಡ್ತೀನಿ. ಇದು ಕೊಡಲ್ಲ. ನಂದು ಗರ್ಭಕೋಶ ತೆಗ್ದಾಗಿದೆ, ನಿಂದು ಇದೆ. ನನ್ನ ಅಳತೆ ಬ್ಲೌಸ್ ನೀನು ಹಾಕ್ಕೊಂಡ್ರೆ ಹೊಲಿಗೆ ಬಿಚ್ಚುತ್ತೆ. ಇದ್ರಲ್ಲಿ ಬಿಚ್ಕೊಳ್ಳೋದು ನೀನು!"

ಮುಖ ತಿರುಗಿಸಿ ಹೊರಟೆ. ಸಂಜೆ ಗಂಟೆ ಹೊಡೆದಾಗ ಗೇಟಿನಲ್ಲಿ ನಿಂತಿದ್ದರು. "ನಡಿ, ಬಸ್ ಬಂತು. ಕೋಪ ಕೂತ್ಕೊಂಡು ಮಾಡ್ಕೋ."

ಆರ್.ಟಿ. ನಗರದಲ್ಲಿ ಅವರ ಲೇಡಿ ಡಾಕ್ಟರ ಕ್ಲಿನಿಕ್ಕು. ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಕಾಣಿಸಿತ್ತೇ ಎಂದು ಡಾಕ್ಟರು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಆ ತಿಂಗಳು ಕಾಣಿಸಿತ್ತು. ಹೋದದ್ದು ಮತ್ತೆ ಬಂತೆಂದುಕೊಂಡು ಯಾರಿಗೂ ಹೇಳಿರಲಿಲ್ಲ. ಆಪಾ ಮೊಣಕೈಯಿಂದ ತಿವಿದರು.

"ಇಡೀ ಗ್ರೌಂಡಿಗೆ ಕೇಳೋ ಹಾಗೆ ಕೂಗ್ತೀಯ, ಇಲ್ಲಿ ಗಂಟಲು ಕಟ್ತಾ? ಹೇಳು!"

ಹೇಳಿದೆ. "ಆ ರಕ್ತ ಯಾಕೆ ಬಂತು ಅಂತ ಮೊದ್ಲು ತಿಳೀಬೇಕು" ಎಂದರು ಡಾಕ್ಟರು. "ಅಲ್ಲೀವರೆಗೂ ಈ ಮಾತ್ರೆ ಮುಟ್ಟೋ ಹಾಗಿಲ್ಲ."

ಆಸ್ಪತ್ರೆಯಲ್ಲಿ ಗರ್ಭಕೋಶದ ಒಳಪದರ ಕೆರೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಆಪಾ ಹೊಲಿದುಕೊಟ್ಟ ತೆಳು ಹತ್ತಿಯ ರವಿಕೆಯೇ ಔಷಧ. ಅವರು ಹೆಡ್‌ಮಿಸ್ ಕೋಣೆಗೂ ಹೋದರು. ಬಾಗಿಲು ತೆರೆದೇ ಇತ್ತು, ಕಾರಿಡಾರಿಗೆಲ್ಲ ಕೇಳಿಸಿತು: "ಅವಳಿಗೆ ಬಂದಿದ್ದು ನಿಮಗೂ ಬರುತ್ತೆ ಮೇಡಂ. ಕವಾಯತು ಅವಳದೇ."

ಜನವರಿ ಇಪ್ಪತ್ತಾರರಂದು ಮಾತ್ರೆಯಿಲ್ಲದೆಯೇ ನಿಂತೆ. ಧ್ವಜಸ್ತಂಭದ ಹಿಂದೆ ಒದ್ದೆ ಕರ್ಚೀಫು ಹಿಡಿದು ಆಪಾ ನಿಂತಿದ್ದರು. ಶಾಲೆ ತಿರುಗಬೇಕಾದ ಕಡೆಗೇ ತಿರುಗಿತು.

ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸಣ್ಣ ದುರ್ಮಾಂಸ, ತೆಗೆದಾಗಿತ್ತು. ಸ್ತನ, ರಕ್ತದೊತ್ತಡ ಎಲ್ಲ ಪರೀಕ್ಷಿಸಿದ ಮೇಲೆ ಡಾಕ್ಟರು ಈಸ್ಟ್ರೋಜನ್ ಬರೆದರು, ಆದಷ್ಟು ಕಡಿಮೆ ಪ್ರಮಾಣದಲ್ಲಿ. ಅದರಿಂದ ಗರ್ಭಕೋಶದ ಒಳಪದರ ಮಿತಿಮೀರಿ ಬೆಳೆಯದಂತೆ ತಿಂಗಳಲ್ಲಿ ಕೆಲವು ದಿನ ಇನ್ನೊಂದು ಮಾತ್ರೆ. ಆಪಾ ಹೇಳಿದ್ದ ನನ್ನ ಅಳತೆ ಇದು. ಕಾಲು ಊದಿ ನೊಂದರೆ, ಎದೆ ಹಿಡಿದರೆ, ತಲೆ ಸಿಡಿದರೆ, ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಂಡರೆ ತಡಮಾಡದೆ ಬರಬೇಕು. ಆರು ತಿಂಗಳಿಗೊಮ್ಮೆ, ಮಾತ್ರೆ ಇನ್ನೂ ಬೇಕೇ ಎಂದು ನೋಡಬೇಕು. ಬೇಸಗೆಯ ಹೊತ್ತಿಗೆ ನನಗೆ ನಿದ್ದೆ ಮರಳಿತು. ಪ್ರತಿ ತಪಾಸಣೆಗೂ ಆಪಾ ಜೊತೆಗೆ ಬಂದರು.

ನಿವೃತ್ತಿಯ ದಿನವೇ ಅವರು ಕೋಲಾರದ ತಂಗಿಯ ಮನೆಗೆ ಹೊರಟಿದ್ದರು. ಹೊಲಿಗೆ ಕೋಣೆಗೆ ಬೀಗ ಹಾಕಿ ಕೇಳಿದರು, "ಇವತ್ತು ನಿನ್ನ ಡಾಕ್ಟರ್ ದಿನ ಅಲ್ವಾ?"

"ಹೌದು. ನೀವಿಲ್ದೆ..."

"ಕಾಲು ನಿಂದು, ಬಸ್ಸು ಸರ್ಕಾರದ್ದು. ನಾನ್ಯಾಕೆ?"

ಅವರನ್ನು ನಾನು ಮತ್ತೆ ನೋಡಲಿಲ್ಲ.

ಸಂಜೆ ಐದಕ್ಕೆ ಕ್ಲಿನಿಕ್ಕಿಗೆ ಹೋದೆ. ರಕ್ತದೊತ್ತಡ ಸರಿಯಿತ್ತು, ಪ್ರಮಾಣ ಇಳಿಸಿ ನೋಡೋಣ ಎಂದರು ಡಾಕ್ಟರು. ಹೊರಗೆ ಬೆಂಚಿನಲ್ಲಿದ್ದ ಧಾರವಾಡದ ಕಡೆಯ ಹೆಂಗಸೊಬ್ಬರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನನ್ನ ಕೈಯಲ್ಲಿದ್ದ ಮಾತ್ರೆ ಯಾವುದಕ್ಕೆಂದು ಕೇಳಿದರು. ಹೇಳಿದೆ. "ಅಕ್ಕಾರ, ನನಗೂ ಹಿಂಗ ಆಗ್ತದರಿ. ನಾಕು ಗುಳಿಗಿ ಕೊಡ್ರಿ, ಒಳಗ ಹೋಗಾಕ ನಾಚಿಕಿ."

"ಕೊಡಲ್ಲ" ಎಂದೆ, ಇಡೀ ಕ್ಲಿನಿಕ್ಕಿಗೆ ಕೇಳುವಂತೆ. ಆಮೇಲೆ ಅವರ ಕೈ ಹಿಡಿದು ಎಬ್ಬಿಸಿ, ಡಾಕ್ಟರ ಮುಂದೆ ಕೂರಿಸಿ, ಆಕೆ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಪಕ್ಕದಲ್ಲಿ ನಿಂತೆ. ಆ ದಿನದ ಕೊನೆಯ ಕೆಲಸ ಅದು.