ನಾನು ಬರೆದ ನಿಯಮ

ಹಳಿಯಾಳದ ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಾಸಿಸ್ಟ್ ಆಗಿದ್ದು ನಿವೃತ್ತಳಾದ ಮರುವರ್ಷ ನನ್ನನ್ನು ಒಂದು ಚಿಕಿತ್ಸಾ ನಿಧಿಯ ಸಮಿತಿಗೆ ಸೇರಿಸಿಕೊಂಡರು. ಹಳೆಯ ವ್ಯಾಪಾರಿ ಮನೆತನವೊಂದು ಇಟ್ಟುಹೋದ ದುಡ್ಡು. ಅದರ ಬಡ್ಡಿಯಲ್ಲಿ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಕಡೆಯ ಬಡ ರೋಗಿಗಳಿಗೆ ಸಹಾಯ. ನಾವು ಐದು ಜನ. ಅಧ್ಯಕ್ಷರು ಒಬ್ಬ ಹಿರಿಯ ಡಾಕ್ಟರು. ಬಂದ ಅರ್ಜಿ ಓದಿ, ಔಷಧಿ ಎಂಥದು, ಅದರಿಂದ ಏನಾಗುತ್ತದೆ ಎಂದು ಉಳಿದವರಿಗೆ ತಿಳಿಸುವುದು ನನ್ನ ಕೆಲಸ.

ಮೊದಮೊದಲು ಕಷ್ಟವೇನೂ ಇರಲಿಲ್ಲ. ಒಬ್ಬರಿಗೆ ಕನ್ನಡಕ, ಇನ್ನೊಬ್ಬರಿಗೆ ಇನ್ಸುಲಿನ್. ದೊಡ್ಡ ಖರ್ಚೆಂದರೆ ಒಂದು ಗಾಡಿ. ಜೊಯಿಡಾ ಕಡೆಯ ಮೂವರನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ದಾಂಡೇಲಿಗೆ ಕರೆದೊಯ್ದು ವಾಪಸು ಬಿಡುವ ಗಾಡಿ. ಅಲ್ಲಿಯ ಬಸ್ಸು ನೆಚ್ಚಿಕೊಂಡವರು ಡಯಾಲಿಸಿಸ್‌ನ ಹೊತ್ತಿಗೆ ಮುಟ್ಟುವುದಿಲ್ಲ.

ಆಮೇಲೆ ಆ ಅರ್ಜಿ ಬಂತು. ಹಳಿಯಾಳದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಸಿದ್ದಿ ಹೆಂಗಸು, ನಲವತ್ತರ ಆಸುಪಾಸು. ಶ್ವಾಸಕೋಶದ ಕ್ಯಾನ್ಸರ್. ಹುಬ್ಬಳ್ಳಿಯ ಡಾಕ್ಟರು ಹೊಸದೊಂದು ಗುಳಿಗೆ ಬರೆದಿದ್ದರು. ಸರ್ಕಾರದ ಕಾರ್ಡಿನಲ್ಲಿ ಹಳೆಯ ಕಿಮೋ ಸಿಗುತ್ತಿತ್ತು, ಈ ಗುಳಿಗೆ ಸಿಗುತ್ತಿರಲಿಲ್ಲ. ಅದರ ಬೆಲೆ ಓದಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ.

ಮನೆ ನೋಡಿಬರಲು ಹೋದೆ. ಅವಳು ಅಕ್ಕನ ಜೊತೆ ಇದ್ದಳು. ಬೇಡವೆಂದರೂ ಚಹಾಕ್ಕಿಟ್ಟಳು. ಒಲೆಯಿಂದ ನಾನು ಕೂತಿದ್ದ ಚಾಪೆಗೆ ಎಂಟು ಹೆಜ್ಜೆ ಇದ್ದೀತು. ಅಷ್ಟರಲ್ಲಿ ಎರಡು ಸಲ ನಿಂತಳು. ನಿಂತಾಗಲೆಲ್ಲ ಅಕ್ಕ ಮಾತು ನಿಲ್ಲಿಸಿ ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದಳು. ನಾನೂ ಕೇಳಿಸಿಕೊಳ್ಳತೊಡಗಿದೆ.

“ಬಾಯಾರ, ಆ ಗುಳಿಗಿ ತಗೊಂಡ್ರ ನನಗ ಆರಾಮ ಆಗ್ತೈತೇನ್ರಿ?”

“ಬ್ಯಾನಿ ಬೆಳೀದಂಗ ಹಿಡದು ನಿಲ್ಲಸ್ತೈತಿ. ಪೂರಾ ಹೋಗಂಗಿಲ್ಲ.”

“ಎಷ್ಟು ದಿನಾ ಹಿಡೀತೈತಿ?”

“ಒಬ್ಬೊಬ್ಬರಿಗೆ ಒಂದೊಂದು ನಮೂನಿ. ಒಂದೂವರಿ ವರ್ಷ, ಎರಡು ವರ್ಷ ಆಗಬಹುದು.”

ಅವಳು ಅಕ್ಕನ ಕಡೆ ನೋಡಿ ನಕ್ಕಳು. ಎರಡು ವರ್ಷವೆಂದರೆ ಅವಳಿಗೆ ಬಹಳ ದೊಡ್ಡದಾಗಿ ಕಂಡಿತ್ತು.

ಸಭೆ ಸೇರಿದ ದಿನ ಮಧ್ಯಾಹ್ನವೇ ಮೋಡ ಕವಿದು ಕೋಣೆಯಲ್ಲಿ ದೀಪ ಹಾಕಬೇಕಾಯಿತು. ನಾನು ಗುಳಿಗೆಯ ಬಗ್ಗೆ ಇದ್ದದ್ದನ್ನು ಹೇಳಿದೆ. ಡಾಕ್ಟರು ಅವಳ ಕಡತವನ್ನು ನಿಧಾನಕ್ಕೆ ಬೋರಲು ಹಾಕಿದರು.

“ಇದನ್ನ ಕೊಟ್ಟರ ಗಾಡಿ ನಿಲ್ಲಸಬೇಕಾಗ್ತೈತಿ. ಗಾಡಿ ನಿಂತ್ರ ಯಾರು ಸಾಯ್ತಾರಂತ ನನಗ ಹೆಸರು ಸಹಿತ ಗೊತ್ತೈತಿ.”

“ಮೂರು ತಿಂಗಳಾದ್ರೂ ಕೊಟ್ಟು ನೋಡೂಣ್ರಿ,” ಎಂದೆ.

“ಆಮ್ಯಾಲ? ಹಿಡಿದ ಕೈ ನಡುನೀರಾಗ ಬಿಡೂದೇನು?”

ಕೊಡುವುದು ಬೇಡವೆಂದು ಐದೂ ಕೈ ಎದ್ದವು, ನನ್ನದೂ ಸೇರಿ. ಇನ್ನು ಮುಂದೆ ಪ್ರತಿ ಸಲ ಹೀಗೆ ಒದ್ದಾಡುವುದು ಬೇಡ, ನಿಯಮ ಮಾಡಿಬಿಡೋಣ ಎಂದು ಒಬ್ಬರು ಹೇಳಿದರು. ಅಕ್ಷರ ಚೆನ್ನಾಗಿದೆಯೆಂದು ನಿರ್ಣಯದ ಪುಸ್ತಕ ನನ್ನ ಮುಂದೆ ಬಂತು. “ಗುಣವಾಗದ ಕಾಯಿಲೆಯ ದುಬಾರಿ ಔಷಧಿಗೆ ನಿಧಿಯಿಂದ ಸಹಾಯ ಕೊಡತಕ್ಕದ್ದಲ್ಲ” ಎಂದು ಬರೆದೆ. ಡಯಾಲಿಸಿಸ್ ಕೂಡ ಯಾರನ್ನೂ ಗುಣ ಮಾಡುವುದಿಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಬಂದು ಅನ್ನಕ್ಕಿಟ್ಟ ಮೇಲೆ.

ಸುದ್ದಿ ಹೇಳಲು ನಾನೇ ಹೋದೆ. ಅಕ್ಕ ಎದ್ದು ಹಿತ್ತಲಿಗೆ ಹೋದಳು, ತಿರುಗಿ ಬರಲಿಲ್ಲ. ತಂಗಿ ಮಾತ್ರ ಕೂತೇ ಇದ್ದಳು.

“ಆ ರೊಕ್ಕ ಯಾರಿಗೆ ಹೋತ್ರಿ?”

ಗಾಡಿಯ ವಿಷಯ ಹೇಳಿದೆ.

“ಅವರು ನನಗಿಂತ ಸಣ್ಣವರೇನ್ರಿ?”

ಮೂವರಲ್ಲಿ ಇಬ್ಬರು ಅರವತ್ತು ದಾಟಿದವರು. “ಹೌದು, ಸಣ್ಣವರು,” ಎಂದೆ. ಅಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಅದಕ್ಕೂ ಮೊದಲು ಬಂದದ್ದು ನೆನಪಿಲ್ಲ. ಅವಳು ತಲೆಯಾಡಿಸಿದಳು. ನಂಬಿದಳೋ, ನನಗೆ ನಾಚಿಕೆಯಾಗದಿರಲೆಂದು ನಂಬಿದಂತೆ ಮಾಡಿದಳೋ ತಿಳಿಯಲಿಲ್ಲ.

ಹಳೆಯ ಕಿಮೋದಲ್ಲಿ ಆ ಮಳೆಗಾಲ ಕಳೆದಳು. ದೀಪಾವಳಿಯಾದ ಹತ್ತು ದಿನಕ್ಕೆ ತೀರಿಕೊಂಡಳು. ಆ ವಾರವೇ ಏನೋ ಕೆಲಸದ ಮೇಲೆ ಜೊಯಿಡಾಕ್ಕೆ ಹೋದ ನಾನು ಬರುವಾಗ ಡಯಾಲಿಸಿಸ್ ಗಾಡಿಯಲ್ಲೇ ದಾಂಡೇಲಿವರೆಗೆ ಬಂದೆ. ಪಕ್ಕದಲ್ಲಿ ಮೂವರಲ್ಲಿ ಹಿರಿಯವರು ಕೂತಿದ್ದರು. ಕಾಲು ಬಾತಿದ್ದವು, ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಇವರು ಇನ್ನೆಷ್ಟು ದಿನ ಇದ್ದಾರು, ದಿನಕ್ಕೆಷ್ಟು ದುಡ್ಡು ಬಿತ್ತು ಎಂದು ನನ್ನ ತಲೆ ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕುತ್ತಿತ್ತು. ಅವರು ಕಣ್ಣು ತೆರೆದರು.

“ಯಾಕ್ರಿ ಹಂಗ ನೋಡಾಕತ್ತೀರಿ?”

“ಏನಿಲ್ಲರಿ,” ಎಂದು ಹೊರಗೆ ನೋಡಿದೆ. ನನ್ನ ಬಗ್ಗೆ ನನಗೇ ಭಯವಾದದ್ದು ಆವತ್ತು.

ಮುಂದಿನ ವರ್ಷ ಅರ್ಜಿಗಳು ಕಡಿಮೆಯಾದವು. ಮೊದಲು ಇದು ಯಾರಿಗೂ ಗಮನಕ್ಕೆ ಬರಲಿಲ್ಲ. ಮುಂಡಗೋಡದಿಂದ ಒಂದೂ ಇಲ್ಲ. ಜೊಯಿಡಾದಿಂದ ಬರೀ ಕನ್ನಡಕದವು. ಜನ ಆರೋಗ್ಯವಾಗಿದ್ದಾರೆಂದು ಸಭೆಯಲ್ಲಿ ಒಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಕಾಯಿಲೆಗಳು ಎಲ್ಲಿಗೂ ಹೋಗಿರಲಾರವು. ಅವು ಎಲ್ಲೋ ಬಾಗಿಲು ಹಾಕಿಕೊಂಡು ಕೂತಿವೆ ಎನ್ನಿಸುತ್ತಿತ್ತು.

ಕಾರಣ ಹೇಳಿದವಳು ಜೊಯಿಡಾದ ಅಣಶಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ. “ನಿಮ್ಮಲ್ಲಿ ಮನಷ್ಯಾರನ್ನ ತೂಗ್ತಾರಂತ, ಹಗುರ ಆದವರನ್ನ ಬಿಡ್ತಾರಂತ ಮಾತು ಹಬ್ಬೇತ್ರಿ,” ಎಂದಳು. ಹೇಳಿ, ತನ್ನ ಊರಿನ ಹೊಲಿಗೆ ಹೆಂಗಸೊಬ್ಬಳನ್ನು ನೋಡಿಹೋಗಿ ಎಂದು ನನ್ನನ್ನು ಕರೆದುಕೊಂಡು ಹೋದಳು.

ಐವತ್ತರ ಹೆಂಗಸು. ಮನೆಮಾತು ಕೊಂಕಣಿ, ನನ್ನ ಜೊತೆ ತಡೆತಡೆದು ಕನ್ನಡ ಆಡಿದಳು. ಎದೆಯಲ್ಲಿ ಗಂಟು. ಕೈಗೆ ಸಿಕ್ಕು ವರ್ಷವಾಗಿತ್ತು, ಈಗ ಒಡೆದಿತ್ತು. ಸೀರೆಯ ಸೆರಗಿನೊಳಗೆ ಬಟ್ಟೆ ಮಡಚಿ ಇಟ್ಟುಕೊಂಡಿದ್ದಳು. ಮೆಷಿನ್ನಿನ ಎಣ್ಣೆಯ ವಾಸನೆಯ ಜೊತೆ ಇನ್ನೊಂದು ವಾಸನೆ. ಆಸ್ಪತ್ರೆಯಲ್ಲಿ ದುಡಿದವರಿಗೆ ಅದು ಗೊತ್ತಾಗುತ್ತದೆ.

“ಮೊದಲ ಯಾಕ ಬರಲಿಲ್ಲ?”

“ಬಂದ್ರೆ ನೀವು ಕೇಳ್ತೀರಿ, ಇವಳು ಬದುಕ್ತಾಳಾ ಅಂತ. ಅದು ಕೇಳಿಸ್ಕೊಳ್ಳೋದು ನಂಗೆ ಬೇಡ ಇತ್ತು.”

ಮೊದಲೇ ಬಂದಿದ್ದರೆ ಗುಣವಾಗುವ ಕಾಯಿಲೆ. ನಾನು ಬರೆದ ನಿಯಮದಲ್ಲೇ ಧಾರಾಳವಾಗಿ ಸಹಾಯ ಸಿಗುತ್ತಿತ್ತು. ಹುಬ್ಬಳ್ಳಿಗೆ ಕಳಿಸಿದೆವು. ಅಷ್ಟರಲ್ಲಿ ಅದು ಮೂಳೆಗೆ ಇಳಿದಿತ್ತು. ಅಲ್ಲಿಯವರು ಹೊಸದೊಂದು ಔಷಧಿ ಬರೆದುಕೊಟ್ಟರು. ನಿಲ್ಲಿಸುತ್ತದೆ, ಗುಣ ಮಾಡುವುದಿಲ್ಲ.

ಸಭೆಯಲ್ಲಿ ಎದ್ದು ನಿಂತು ಹೇಳಿದೆ: “ಇಕಿ ತಡಾ ಮಾಡಿದ್ದು ನಮಗ ಹೆದರಿ. ಇಕಿಗೆ ನಾವು ಇಲ್ಲ ಅನ್ನಾಕ ಬರಂಗಿಲ್ಲ.”

“ನೀವು ಹೇಳೂದು ಖರೇ ಐತಿ,” ಎಂದರು ಡಾಕ್ಟರು. “ಆದ್ರ ಗಾಡ್ಯಾಗ ಈಗ ಐದು ಮಂದಿ ಅದಾರ.”

ಈ ಸಲ ಮೂರು ಕೈ ಬೇಡವೆಂದವು, ಎರಡು ಕೊಡೋಣವೆಂದವು. ನನ್ನ ಕೈ ಎರಡರ ಕಡೆ ಇತ್ತು. ಡಾಕ್ಟರ ಕೈ ಮೂರರ ಕಡೆ.

“ಈ ಸಲ ನಾನ ಹೋಗಿ ಹೇಳ್ತೇನಿ,” ಎಂದರು.

ಹೋದರು. ಸಂಜೆ ವಾಪಸು ಬಂದವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದರು. ಅವಳು ಏನೆಂದಳೆಂದು ಕೇಳಿದೆ. ಅವರು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಮುಂದಿನ ಸಭೆಯಲ್ಲಿ ಅವರೇ ಮಾತೆತ್ತಿ, ಹೊಸದಾಗಿ ಗಂಟು ಕಂಡವರಿಗೆ, ಕೆಮ್ಮು ನಿಲ್ಲದವರಿಗೆ ಅರ್ಜಿಯಿಲ್ಲದೆ ಅವತ್ತೇ ತಪಾಸಣೆಯ ಖರ್ಚು ಕೊಡಬೇಕೆಂದು ಬರೆಸಿದರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳಿದರು. ಬೇಸಿಗೆಯ ಹೊತ್ತಿಗೆ ನಾಲ್ಕು ಜನ ಬಂದರು. ನಾಲ್ವರೂ ಬಾಗಿಲಲ್ಲೇ ನಿಂತು, ಒಳಗೆ ಬರುವ ಮೊದಲು ನಮ್ಮ ಮುಖ ನೋಡಿದರು. ಅಣಶಿಯ ಹೆಂಗಸು ಇನ್ನೂ ಇದ್ದಾಳೆ, ಹಾಸಿಗೆ ಹಿಡಿದಿದ್ದಾಳೆ. ಹೊಲಿಗೆ ಮೆಷಿನ್ನನ್ನು ನಾದಿನಿಗೆ ಕೊಟ್ಟಳಂತೆ. ನಾನು ಸಮಿತಿ ಬಿಟ್ಟಿಲ್ಲ. ಬಿಟ್ಟರೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಕಡತ ತೆರೆಯುತ್ತಾರೆ, ಅಷ್ಟೇ.