ಯೂಲಾಲಿಯ ಹಂಡೆಗೊಂದು ಹೆಸರು

ನ್ಯೂ ಆರ್ಲಿಯನ್ಸ್‌ನ ಪಶ್ಚಿಮಕ್ಕೆ, ಹುಲ್ಲುಗಾವಲು ಸೀಮೆಯಲ್ಲಿರುವ ನಮ್ಮ ಹಳ್ಳಿ ಕೂಲೆ ನ್ವಾರ್‌ನಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾದರೆ ಪಾದ್ರಿಗಿಂತ ಮೊದಲು ಯೂಲಾಲಿ ಲೆಮೆಲ್‌ಗೆ ಹೇಳಿಕಳಿಸುತ್ತಿದ್ದರು. ಪಾದ್ರಿ ಸಿಗದಿದ್ದರೆ ಪಕ್ಕದೂರಿನಿಂದ ಕರೆಸಬಹುದಿತ್ತು. ಯೂಲಾಲಿ ಸಿಗದಿದ್ದರೆ ಮದುವೆಯ ದಿನವನ್ನೇ ಮುಂದೆ ಹಾಕುತ್ತಿದ್ದರು. ಎತ್ತರದ ಆಳು, ಕಾಯಿಸಿದ ಬೆಲ್ಲದ ಬಣ್ಣ, ಗದ್ದೆಯ ಆಚೆ ತುದಿಗೂ ಕೇಳುವ ಗಂಟಲು. ನಾನು ಅವಳ ತಂಗಿಯ ಮಗಳು. ನನಗಷ್ಟೇ ಅಲ್ಲ, ಊರಿನ ಮಕ್ಕಳಿಗೆಲ್ಲ ಅವಳು ‘ತಾಂತ್’, ಅಂದರೆ ದೊಡ್ಡಮ್ಮ.

ಗಂಬೋ ಎಂದರೆ ಅನ್ನದ ಮೇಲೆ ಸುರಿದುಕೊಳ್ಳುವ ನಮ್ಮ ಗಟ್ಟಿ ಸಾರು. ಅವಳ ಗಂಬೋ ತಿಂದವರು ಬೇರೆಯವರ ಗಂಬೋ ತಿನ್ನುವಾಗ ಮುಖ ಸಿಂಡರಿಸಿದ್ದನ್ನು ಮುಚ್ಚಿಕೊಳ್ಳಬೇಕಾಗುತ್ತಿತ್ತು. ಕಬ್ಬಿಣದ ಹಂಡೆಯಲ್ಲಿ ಎಣ್ಣೆ ಕಾಯಿಸಿ, ಹಿಟ್ಟು ಸುರಿದು, ಕೈಬಿಡದೆ ತಿರುವುತ್ತ ನಿಲ್ಲುವಳು. ಹಿಟ್ಟು ಬಿಳುಪಿನಿಂದ ಕಂದಾಗಿ, ಕಂದಿನಿಂದ ಸುಟ್ಟ ಕಾಫಿಬೀಜದಂತಾಗಿ, ಇನ್ನೇನು ಸೀದುಹೋಯಿತು ಎನ್ನುವಾಗ ಈರುಳ್ಳಿ ಬೀಳುತ್ತಿತ್ತು. ಆ ಹುರಿದ ಹಿಟ್ಟಿಗೆ ನಾವು ‘ರೂ’ ಎನ್ನುತ್ತೇವೆ. ಅದರ ಮೇಲೆ ನಾಟಿಕೋಳಿ, ಹೊಗೆ ಹಾಕಿದ ಸಾಸೇಜು, ಬೆಂಡೆಕಾಯಿ. ಟೊಮೆಟೊ ಮಾತ್ರ ಅವಳ ಹಂಡೆಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ಸೀಮೆಗೆಲ್ಲ ಕೇಜನ್ ಹುಚ್ಚು ಹಿಡಿಯಿತು. ಪೆಟ್ರೋಲ್ ಬಂಕಿನಿಂದ ಹಿಡಿದು ಆಲೂಗಡ್ಡೆ ಚಿಪ್ಸಿನ ಪೊಟ್ಟಣದವರೆಗೆ ಎಲ್ಲದರ ಮೇಲೂ ಅದೇ ಮಾತು. ಕೇಜನ್ ಎಂದರೆ ಕೆನಡಾದಿಂದ ಬಂದು ನೆಲೆಸಿದ ಬಿಳಿ ಫ್ರೆಂಚರ ವಂಶದವರು. ಹಿಂದೆ ಅದು ಅವರಿಗೆ ಬೈಗುಳವಾಗಿತ್ತು. ಕಾಲುವೆಯಾಚೆಯ ಭತ್ತದ ರೈತ ಕ್ಲೆಬೆರ್ ಸೋನಿಯೆಯ ಅಪ್ಪ, ಹಾಗೆಂದು ಕರೆದವನೊಬ್ಬನ ಹಲ್ಲು ಉದುರಿಸಿದ್ದ. ಈಗ ಅದೇ ಕ್ಲೆಬೆರ್ ಅದನ್ನು ಟೋಪಿಯ ಮೇಲೆ ಹೊಲಿಸಿಕೊಂಡು ತಿರುಗುತ್ತಿದ್ದ. ನಾವು ಅದಕ್ಕೆ ಹೊಟ್ಟೆ ಉರಿದುಕೊಳ್ಳಲಿಲ್ಲ. ಆದರೆ ಆ ಮಾತು ಬೆಳೆದೂ ಬೆಳೆದೂ ನಮ್ಮ ಮೇಲೂ ಹಬ್ಬಿತು. ನಮ್ಮ ಹಾಡು ಕೇಜನ್, ನಮ್ಮ ಕುದುರೆ ಸವಾರಿ ಕೇಜನ್, ನಮ್ಮ ಹಂಡೆಯೂ ಕೇಜನ್. ಕ್ರಿಯೋಲ್ ಎಂಬ ನಮ್ಮ ಹೆಸರನ್ನು ನಮ್ಮ ಅಜ್ಜಿಯರು ಸತ್ತ ಮೇಲೆ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಕ್ಲೆಬೆರ್ ಮುಂದೆ ನಿಂತು ಊರಿನಲ್ಲಿ ಕೇಜನ್ ಗಂಬೋ ಹಬ್ಬ ಶುರುಮಾಡಿದ. ಯೂಲಾಲಿಯೂ ಹಂಡೆ ಹೊತ್ತು ಹೋದಳು. ಮೊದಲ ವರ್ಷವೇ ಗೆದ್ದಳು. ಬಹುಮಾನ ಎಂದರೆ ಆಳುದ್ದದ ಮರದ ಸೌಟು. ಕ್ಲೆಬೆರ್ ಅದನ್ನು ಎತ್ತಿ ಹಿಡಿದು ಮೈಕಿನಲ್ಲಿ ಕೂಗಿದ, “ಈ ವರ್ಷದ ಕೇಜನ್ ಅಡುಗೆಯ ರಾಣಿ, ನಮ್ಮ ಯೂಲಾಲಿ!”

ಯೂಲಾಲಿ ವೇದಿಕೆ ಹತ್ತಿದಳು. ಸೌಟಿಗೆ ಕೈಚಾಚದೆ ಮೈಕಿಗೆ ಕೈಚಾಚಿದಳು.

“ಬೋ ಸಂತೋಷ. ಆದ್ರೆ ನಾನು ಕೇಜನ್ ಅಲ್ಲ.”

ಜನ ನಕ್ಕರು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ಕ್ಲೆಬೆರ್ ಕೂಡ ನಕ್ಕ.

“ಏ ಯೂಲಾಲಿ, ರೂ ಕಪ್ಪಗಿದೆ, ಸಾಸೇಜಿದೆ, ಟೊಮೆಟೊ ಇಲ್ಲ. ಇದು ಕೇಜನ್ ಅಲ್ದೆ ಇನ್ನೇನೇ? ಕ್ರಿಯೋಲ್ ಅಂದ್ರೆ ನ್ಯೂ ಆರ್ಲಿಯನ್ಸ್ ಪೇಟೆಯೋರು ಮಾಡ್ತಾರಲ್ಲ, ಕೆಂಪುಕೆಂಪಗೆ, ಏಡಿ-ಸೀಗಡಿ ತೇಲಿಸ್ಕೊಂಡು, ಅದು.”

“ಲೋ ಕ್ಲೆಬೆರ್, ನಿಮ್ಮ ಮುತ್ತಜ್ಜಂದಿರನ್ನ ಇಂಗ್ಲಿಷರು ಕೆನಡಾದಿಂದ ಒದ್ದು ಓಡ್ಸಿದ್ರಲ್ಲ, ಆಗ ಅವರು ಬಗಲಲ್ಲಿ ಬೆಂಡೆಕಾಯಿ ಇಟ್ಕೊಂಡು ಬಂದಿದ್ರೇನೋ? ಆ ಹಿಮದಲ್ಲಿ ಎಲ್ಲಿ ಬೆಳೀತಿತ್ತೋ ಬೆಂಡೆಕಾಯಿ? ಅದು ನಮ್ಮಜ್ಜಿಯರ ಜೊತೆ ಆಫ್ರಿಕಾದಿಂದ ಬಂದಿದ್ದು. ನೀವು ಬಂದಾಗ ನಮ್ಮೋರು ಆಗ್ಲೇ ಇಲ್ಲಿ ಒಲೆ ಹಚ್ಚಿದ್ರು. ನನ್ನ ಮೈಯಲ್ಲಿ ಫ್ರೆಂಚರ ರಕ್ತ ಇದೆ, ಆಫ್ರಿಕಾದ್ದಿದೆ, ಈ ಮಣ್ಣಿನ ಮೂಲದ ಇಂಡಿಯನ್ನರದ್ದೂ ಇದೆ. ಅದಕ್ಕೆಲ್ಲ ಸೇರಿ ಒಂದು ಹೆಸರಿದೆ. ಆ ಹೆಸರಲ್ಲಿ ಕೊಟ್ರೆ ತಗೋತೀನಿ, ಇಲ್ಲಾಂದ್ರೆ ಸೌಟು ನೀನೇ ಇಟ್ಕೊ, ಬೆನ್ನು ಕೆರ್ಕೊಳೋಕಾಗುತ್ತೆ.”

ಈ ಸಲ ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ ಕೂಗು ಹಾಕಿದರು. ಯೂಲಾಲಿ ತಲೆ ಎತ್ತಿಕೊಂಡೇ ಇಳಿದು ಬಂದಳು. ಸೌಟು ಕ್ಲೆಬೆರನ ಕೈಯಲ್ಲೇ ಉಳಿಯಿತು.

ಸುದ್ದಿ ನ್ಯೂ ಆರ್ಲಿಯನ್ಸ್ ಮುಟ್ಟಿತು. ಅಲ್ಲಿದ್ದ ಅವಳ ನಾದಿನಿ ಸಿಡೋನಿ ಈಸ್ಟರ್‌ಗೆ ಬಂದಳು. ರೇಷ್ಮೆ ಕೈಗವಸು ತೆಗೆದಿಟ್ಟು, ಗಂಬೋ ಬಟ್ಟಲಿನಲ್ಲಿ ಚಮಚ ಆಡಿಸಿದಳು.

“ಕ್ರಿಯೋಲ್ ಅಂತ ಊರೆಲ್ಲ ಜಗಳ ಆಡಿದ್ರಂತೆ, ಅತ್ತಿಗೆ. ಆದ್ರೆ ಇದ್ರಲ್ಲಿ ಟೊಮೆಟೊ ಎಲ್ಲಿ? ಏಡಿ ಎಲ್ಲಿ? ಬೇಜಾರ್ ಮಾಡ್ಕೋಬೇಡಿ, ಇದು ಹಳ್ಳಿ ಕೇಜನ್ನರ ಸಾರು.”

ವೇದಿಕೆಯ ಮೇಲೆ ಗುಡುಗಿದವಳು ಆ ದಿನ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದಾಗ ಕೋಳಿಗಳಿಗೆ ಜೋಳ ಎರಚುತ್ತ ನಿಂತಿದ್ದಳು.

“ನೋಡ್ದೇನೇ? ಬಿಳಿಯರಿಗೆ ನಾನು ಅವರೋಳು. ನಮ್ಮೋಳಿಗೂ ನಾನು ಅವರೋಳೇ. ಹಂಗಾದ್ರೆ ನಾನು ಯಾರೋಳು?” ಎಂದಳು. ಜೋಳದ ಬುಟ್ಟಿ ಖಾಲಿಯಾಗುವಷ್ಟರಲ್ಲಿ ಅವಳ ದನಿ ಬದಲಾಗಿತ್ತು. “ಇರ್ಲಿ. ಬರೋ ವರ್ಷ ನನ್ನ ಹಬ್ಬ ನಾನೇ ಮಾಡ್ತೀನಿ.”

ಹೇಳಿದಂತೆ ಮಾಡಿದಳು. ಮರುವರ್ಷ ಕ್ಲೆಬೆರನ ಹಬ್ಬದ ದಿನವೇ, ರಸ್ತೆಯ ಈಚೆ ಬದಿ ನಮ್ಮ ಇಗರ್ಜಿಯ ಅಂಗಳದಲ್ಲಿ ಹಂಡೆಗಳನ್ನು ಹೂಡಿಸಿದಳು. ಹಾಸಿಗೆಯ ಹಳೆ ಹೊದಿಕೆಯ ಮೇಲೆ ‘ಕ್ರಿಯೋಲ್ ಗಂಬೋ, ಊಟಕ್ಕೆ ಬನ್ನಿ’ ಎಂದು ಬರೆದು ಎರಡು ಮರಗಳ ನಡುವೆ ಕಟ್ಟಿಸಿದಳು. ಅವಳ ಗಂಡ ಹೋರೇಸ್ ಅಕಾರ್ಡಿಯನ್ ಎತ್ತಿಕೊಂಡ. ಅವನ ತಮ್ಮ ಬಟ್ಟೆ ಉಜ್ಜುವ ಏಣುಗೆರೆಯ ತಗಡಿನ ಹಲಗೆಯನ್ನು ಎದೆಗೆ ತಗುಲಿಸಿಕೊಂಡು ಚಮಚಗಳಿಂದ ಗರಗರ ಎಳೆಯತೊಡಗಿದ. ನಮ್ಮವರೆಲ್ಲ ಬಂದರು. ಊರು ಬಿಟ್ಟು ಟೆಕ್ಸಸ್ ಸೇರಿದವರೂ ಬಂದರು.

ರಸ್ತೆಯಾಚೆಯವರು ಮೊದಲು ಕತ್ತು ಉದ್ದಮಾಡಿ ನೋಡಿದರು. ದಾಟಿ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಕೋಲೂರಿಕೊಂಡು ಒಬ್ಬ ಮುದುಕಿ ರಸ್ತೆಗೆ ಇಳಿದಳು. ಕ್ಲೆಬೆರನ ತಾಯಿ ಅಜೆಲಿ! ಕ್ಲೆಬೆರ್ ಹಿಂದಿನಿಂದ ಓಡಿ ಬಂದ.

“ಅಮ್ಮಾ, ಎಲ್ಲಿಗೆ ಹೋಗ್ತಿದ್ದೀಯ? ನಮ್ಮ ಹಬ್ಬ ಈ ಕಡೆ!”

“ಊಟ ಆ ಕಡೆ ಕಣೋ. ವಾಸನೆ ಬರ್ತಿಲ್ವಾ ನಿಂಗೆ?” ಎಂದಳು ಮುದುಕಿ. ಆಮೇಲೆ ಎಲ್ಲರಿಗೂ ಕೇಳುವಂತೆ ಫ್ರೆಂಚಿನಲ್ಲೇ ಹೇಳಿದಳು, “ನೀನು ಹುಟ್ಟಿದಾಗ ನನ್ನ ಬಾಣಂತನ ಮಾಡಿದ್ದು ಈ ಯೂಲಾಲಿಯ ಅಮ್ಮ. ನಂಗೆ ರೂ ತಿರುವೋಕೆ ಬರ್ತಿರ್ಲಿಲ್ಲ, ಸೀಸಿಬಿಡ್ತಿದ್ದೆ. ಅವಳ ಒಲೆ ಮುಂದೆ ಕೂತು ಕಲ್ತೆ. ಇಗರ್ಜೀಲಿ ಅವಳನ್ನ ಹಿಂದಿನ ಬೆಂಚಲ್ಲಿ ಕೂರ್ಸಿ ನಾವು ಮುಂದೆ ಕೂತ್ವಿ. ಮನೆಗೆ ಬಂದು ಅವಳು ಕಲ್ಸಿದ್ದನ್ನೇ ತಿಂದ್ವಿ. ಈಗ ಹೆಸರನ್ನೂ ಕಿತ್ಕೋಬೇಕೇನೋ?”

ಕ್ಲೆಬೆರನ ಕಿವಿ ಕೆಂಪಾಯಿತು. ಯೂಲಾಲಿ ಓಡಿಬಂದು ಮುದುಕಿಯ ತೋಳು ಹಿಡಿದಳು. ಒಳ್ಳೆಯ ತುಂಡುಗಳನ್ನೇ ಆರಿಸಿ ಬಟ್ಟಲು ತುಂಬಿಸಿ ಕೊಟ್ಟಳು. ತಿರುಗಿ ಕ್ಲೆಬೆರನನ್ನು ನೋಡಿದಳು.

“ಸುಮ್ನೆ ಹೇಳ್ಬಾರ್ದು, ಸಾಸೇಜಿಗೆ ಹೊಗೆ ಹಾಕೋದನ್ನ ನಮ್ಮಪ್ಪ ಕಲ್ತಿದ್ದು ನಿಮ್ಮ ಕೊಟ್ಟಿಗೇಲಿ. ಅದು ನಿಮ್ದೇ. ಬಾ, ಕೂತ್ಕೊ. ನಿಂತು ತಿಂದ್ರೆ ಮೈಗೆ ಹತ್ತಲ್ಲ.”

ಅವನು ಕೂತ. ಅವನು ಕೂತದ್ದೇ ತಡ, ರಸ್ತೆಯಾಚೆಯ ಊರಿಗೆ ಊರೇ ದಾಟಿ ಬಂತು. ಆ ದಿನ ಅನ್ನ ಸಾಲದೆ ಮತ್ತೆ ಮತ್ತೆ ಬೇಯಿಸಿದೆವು.

ಚಳಿಗಾಲದಲ್ಲಿ ಕ್ಲೆಬೆರ್ ಟೋಪಿ ಕೈಯಲ್ಲಿ ಹಿಡಿದು ಯೂಲಾಲಿಯ ಅಡುಗೆಮನೆಗೆ ಬಂದ. ಎರಡೂ ಹಬ್ಬ ಒಂದು ಮಾಡೋಣ ಎಂದ. ಕಾಫಿ ಎರಡು ಸಲ ಕಾಯಿತು. ಯಾರ ಹೆಸರು ಮೊದಲು ಬರಬೇಕು ಎಂಬಲ್ಲಿ ಮಾತು ಸಿಕ್ಕಿಕೊಂಡಿತು.

“ಅಕ್ಷರಮಾಲೇಲಿ ಯಾವುದು ಮೊದ್ಲೋ ಅದು,” ಎಂದ ಕ್ಲೆಬೆರ್. ಇಂಗ್ಲಿಷಿನಲ್ಲಿ ಅವನದೇ ಮೊದಲು ಬರುತ್ತಿತ್ತು.

“ಜಾಣ ಕಣೋ ನೀನು! ಯಾರು ಮೊದ್ಲು ಒಲೆ ಹಚ್ಚಿದ್ರೋ ಅವರದ್ದು,” ಎಂದಳು ಯೂಲಾಲಿ.

ಅವನು ಗೊಣಗಿದ. ಆದರೆ ಫಲಕ ಬರೆಸಿದ್ದು ಅವನೇ. ‘ಕೂಲೆ ನ್ವಾರ್ ಕ್ರಿಯೋಲ್ ಮತ್ತು ಕೇಜನ್ ಗಂಬೋ ಹಬ್ಬ.’ ಅದನ್ನು ರಸ್ತೆಗೆ ಅಡ್ಡಲಾಗಿ ಕಟ್ಟಿದ ಬೆಳಿಗ್ಗೆ ನಮ್ಮ ಇಗರ್ಜಿಯ ಹೆಂಗಸರು ಅದರ ಕೆಳಗೆ ನಿಂತು ಅತ್ತೂ ಅತ್ತೂ ನಕ್ಕರು.

ಅದೇ ಬೆಳಿಗ್ಗೆ ಸಿಡೋನಿ ಬಂದಿಳಿದಳು. ಕಾರಿನ ಹಿಂದೆ ತನ್ನದೇ ಹಂಡೆ, ಪೆಟ್ಟಿಗೆ ತುಂಬ ಏಡಿ, ಒಂದು ಬುಟ್ಟಿ ಟೊಮೆಟೊ. ತಾನೂ ಸ್ಪರ್ಧೆಗೆ ಎಂದಳು. ಟೊಮೆಟೊ ಕಂಡದ್ದೇ ಕ್ಲೆಬೆರ್ ಬೆಂಕಿಯಾದ.

“ಆಗಲ್ಲ! ಟೊಮೆಟೊ ಹಾಕಿದ ಹಂಡೆ ಈ ಮೈದಾನಕ್ಕೆ ಬರೋ ಹಾಗಿಲ್ಲ. ಯೂಲಾಲಿ, ನೀನಾದ್ರೂ ಹೇಳು. ನೀನೂ ಯಾವತ್ತೂ ಹಾಕ್ದೋಳಲ್ಲ.”

ಎಲ್ಲರೂ ಯೂಲಾಲಿಯ ಕಡೆ ನೋಡಿದರು. ಈಸ್ಟರ್ ದಿನದ ಮಾತು ಅವಳು ಮರೆತಿರಲಿಲ್ಲ. ಅದು ನನಗೆ ಗೊತ್ತಿತ್ತು. ಒಂದೇ ಒಂದು ಮಾತು ಸಾಕಿತ್ತು, ಸಿಡೋನಿ ಬುಟ್ಟಿ ಎತ್ತಿಕೊಂಡು ಹೊರಟಿರುತ್ತಿದ್ದಳು. ಯೂಲಾಲಿ ಬುಟ್ಟಿಗೆ ಬಾಗಿ ಒಂದು ಹಣ್ಣು ಎತ್ತಿದಳು, ಮೂಸಿದಳು.

“ಚೆನ್ನಾಗಿ ಹಣ್ಣಾಗಿದೆ. ಕ್ಲೆಬೆರ್, ನನ್ನದು ಕ್ರಿಯೋಲ್ ಅಲ್ಲ ಅಂತ ನೀನೂ ಅಂದೆ, ಇವಳೂ ಅಂದ್ಲು. ಆ ಮಾತು ಎಷ್ಟು ಉರಿಯುತ್ತೆ ಅಂತ ನಂಗೊತ್ತು. ಇವಳ ಹಂಡೆಗೆ ನಾನು ಹಂಗನ್ನಲ್ಲ. ಪೇಟೆ ಕ್ರಿಯೋಲರು ಕೆಂಪಗೆ ಮಾಡ್ತಾರೆ, ನಾವು ಹುಲ್ಲುಗಾವಲಿನೋರು ಕಪ್ಪಗೆ ಮಾಡ್ತೀವಿ. ಹೊಟ್ಟೆಗೆ ಎರಡೂ ಹೋಗುತ್ತೆ. ಹಚ್ಚು ಸಿಡೋನಿ, ನನ್ನ ಪಕ್ಕದಲ್ಲೇ ಹಚ್ಚು.”

ಸಿಡೋನಿ ಕೈಗವಸು ತೆಗೆದಳು. ತಾನಾಗಿಯೇ ಯೂಲಾಲಿಯ ಈರುಳ್ಳಿ ಎಳೆದುಕೊಂಡು ಹೆಚ್ಚತೊಡಗಿದಳು.

“ಕಣ್ಣೀರು ಈರುಳ್ಳಿದಾ?” ಎಂದಳು ಯೂಲಾಲಿ.

“ಮತ್ತೇನು ನಿಮ್ಮದಾ, ಅತ್ತಿಗೆ?” ಎಂದಳು ಸಿಡೋನಿ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮಧ್ಯಾಹ್ನ ಮೊದಲು ಖಾಲಿಯಾದದ್ದು ಸಿಡೋನಿಯ ಕೆಂಪು ಹಂಡೆ. ಕ್ಲೆಬೆರ್ ಎರಡನೇ ಬಟ್ಟಲು ತಿನ್ನುವಾಗ ಸಿಕ್ಕಿಬಿದ್ದ. ಬರೀ ಏಡಿಗೋಸ್ಕರ ತಿಂತಿದ್ದೀನಿ ಎಂದ. ಆದರೆ ತೀರ್ಪುಗಾರರು ಹೆಸರು ಓದಿದಾಗ ಗೆದ್ದವಳು ಯೂಲಾಲಿ. ಮೈಕು ಹಿಡಿದು ಕ್ಲೆಬೆರ್ ಗಂಟಲು ಸರಿಮಾಡಿಕೊಂಡ. “ಕೂಲೆ ನ್ವಾರ್‌ನ ಕ್ರಿಯೋಲ್ ಅಡುಗೆಯ ರಾಣಿ, ಯೂಲಾಲಿ ಲೆಮೆಲ್!” ಎಂದು ಮೈದಾನವೇ ನಡುಗುವಂತೆ ಕೂಗಿದ. ಮುಂದಿನ ಸಾಲಿನಲ್ಲಿದ್ದ ಅಜೆಲಿ ಕೋಲನ್ನು ಗಾಳಿಯಲ್ಲಿ ಬೀಸಿದಳು.

ಯೂಲಾಲಿ ಭಾಷಣ ಮಾಡಲಿಲ್ಲ. ಹೋರೇಸ್ ಅಕಾರ್ಡಿಯನ್ ಎಳೆದ, ಕ್ಲೆಬೆರನ ಅಣ್ಣ ಪಿಟೀಲು ಹಿಡಿದು ಅವನ ಜೊತೆ ಸೇರಿದ. ನನ್ನ ದೊಡ್ಡಮ್ಮ ಚಪ್ಪಲಿ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ, ಹುಲ್ಲಿನ ಮೇಲೆ ಕುಣಿಯತೊಡಗಿದಳು. ಸಿಡೋನಿಯನ್ನೂ ಕೈಹಿಡಿದು ಎಳೆದುಕೊಂಡಳು.